ಮಕ್ಕಳ ಕಥೆಗಾರ ಪಂಜೆ ಮಂಗೇಶರಾಯರು

ಹೋದ ವರ್ಷ ಹರಿಹರದ ಒಂದು ಪ್ರಾಥಮಿಕ ಶಾಲೆಯ ಚಿಕ್ಕ ಮಕ್ಕಳಿಗಾಗಿ ಕಥೆಯ ಪುಸ್ತಕಗಳನ್ನು ಕೊಳ್ಳುವ ಕೆಲಸ ನಮ್ಮ ಗೆಳೆಯರ ಗುಂಪಿಗೆ ಬಂದಿತು. ಎಲ್ಲರೂ ಸೇರಿ ಕೂಡಿಸಿದ ಹಣ ಅಲ್ಪವೇ ಆಗಿದ್ದರೂ ಅದರ ಮೇಲೆ ನಡೆದ ಜಗಳ ಅಲ್ಪವಾಗಿರಲಿಲ್ಲ. ದಾವಣಗೆರೆಯ ಅಂಗಡಿಯಲ್ಲಿ ನಾವು ತೆರೆದು ನೋಡಿದ ಪುಸ್ತಕಗಳಲ್ಲಿ ಬಹುಪಾಲು ಕಥೆಗಳ ಕೆಳಗೆ ಗೆರೆ ಎಳೆದು ನೀತಿಯನ್ನು ಅಚ್ಚು ಮಾಡಿದ್ದರು. ನೀತಿಯಿಲ್ಲದ ಕಥೆಗೆ ದುಡ್ಡು ಕೊಡುವುದೇಕೆಂದು ಒಬ್ಬ ಮಿತ್ರನು ವಾದಿಸಿದನು. ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಅಕ್ಷರ ಕಲಿತವನು ನಾನೇ ಮೊದಲಿಗ; ಪಠ್ಯಪುಸ್ತಕವನ್ನು ಬಿಟ್ಟು ಬೇರೆ ಪುಸ್ತಕವನ್ನು ಮುಟ್ಟಿದ್ದು ಹೈಸ್ಕೂಲಿಗೆ ಬಂದ ಮೇಲೆಯೇ. ಮಕ್ಕಳು ಯಾವುದನ್ನು ಓದಿ ಸಂತೋಷಪಡುತ್ತಾರೆಂದು ಹೇಳಲು ನನಗೆ ಬಾಲ್ಯದ ಅನುಭವವೇ ಇರಲಿಲ್ಲ. ಆಗ ನಮ್ಮ ಕನ್ನಡ ಅಧ್ಯಾಪಕರು ಪಂಜೆಯವರನ್ನು ಓದಿಕೊಂಡು ಬಾ ಎಂದು ಕಳುಹಿಸಿದರು. ಈ ಲೇಖನ ಆ ಓದಿನ ಫಲ.

ಪಂಜೆ ಮಂಗೇಶರಾಯರು 1874ನೆಯ ಇಸವಿಯ ಫೆಬ್ರವರಿ 22ರಂದು ದಕ್ಷಿಣ ಕನ್ನಡದ ಬಂಟವಾಳದಲ್ಲಿ ಜನಿಸಿದರು. ಮನೆಮಾತು ಕೊಂಕಣಿ, ಬೀದಿಗಿಳಿದರೆ ತುಳು, ಶಾಲೆಯಲ್ಲಿ ಕನ್ನಡ. ಅವರ ಮಕ್ಕಳ ಕಥೆಗಳಲ್ಲಿ ಕಾಣುವ ಆ ಚಿಕ್ಕ ಚಿಕ್ಕ ವಾಕ್ಯಗಳಿಗೆ ಇದೂ ಒಂದು ಕಾರಣವಿರಬೇಕೆಂದು ನನಗೆ ತೋರುತ್ತದೆ. ಮನೆಯಲ್ಲಿ ಒಂದು ಭಾಷೆಯನ್ನಾಡಿ ಶಾಲೆಯಲ್ಲಿ ಇನ್ನೊಂದನ್ನು ಕಲಿಯುವ ಮಗುವಿನ ಕಷ್ಟ ಅಂಥವರಿಗಲ್ಲದೆ ಇನ್ನಾರಿಗೆ ತಿಳಿದೀತು? ನಾವು ಹೋದ ಶಾಲೆಯಲ್ಲಿಯೂ ಉರ್ದು ಮನೆಮಾತಿನವರು, ಲಂಬಾಣಿ ಮನೆಮಾತಿನವರು ಒಂದೇ ಚಾಪೆಯ ಮೇಲೆ ಕುಳಿತಿದ್ದರು.

ರಾಯರ ಮನೆಯಲ್ಲಿ ಸಿರಿತನವಿರಲಿಲ್ಲ. ಮಂಗಳೂರಿನಲ್ಲಿ ಕಷ್ಟದಿಂದ ವ್ಯಾಸಂಗ ನಡೆಸಿ, ಅಲ್ಲಿಯ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು, ಬಿ.ಎ. ಪದವಿ ಕೈಗೆ ಬಂದದ್ದು ಕೆಲಸಕ್ಕೆ ಸೇರಿದ ಮೇಲೆ. 1900ರಲ್ಲಿ ಬೆನಗಲ್ ರಾಮರಾಯರು ಹೊರಡಿಸಿದ ‘ಸುವಾಸಿನಿ’ ಪತ್ರಿಕೆಯಲ್ಲಿ ಪಂಜೆಯವರ ‘ನನ್ನ ಚಿಕ್ಕತಾಯಿ’, ‘ನನ್ನ ಚಿಕ್ಕತಂದೆ’ ಮೊದಲಾದ ಕಥೆಗಳು ಬಂದವು. ಕನ್ನಡದ ಸಣ್ಣಕಥೆಯ ಚರಿತ್ರೆಯನ್ನು ಬರೆಯುವವರು ಇಲ್ಲಿಂದಲೇ ಆರಂಭಿಸುವುದುಂಟು. ಕವಿಶಿಷ್ಯ, ಹರಟೆಮಲ್ಲ, ರಾ.ಮ.ಪಂ. ಎಂಬ ಹೆಸರುಗಳಲ್ಲಿ ಅವರು ಬರೆದರು. ಕವಿಯೆಂದು ಕರೆದುಕೊಳ್ಳದೆ ಕವಿಗಳ ಶಿಷ್ಯನೆಂದು ಕರೆದುಕೊಂಡ ವಿನಯವನ್ನು ಗಮನಿಸಬೇಕು.

ದೊಡ್ಡವರ ಕಥೆಗಾರರಾಗಿಯೇ ಅವರು ಮುಂದುವರಿಯಬಹುದಾಗಿತ್ತು. ಆದರೆ ವಿದ್ಯಾ ಇಲಾಖೆಯ ಕೆಲಸ ಅವರನ್ನು ಶಾಲಾ ಇನ್‌ಸ್ಪೆಕ್ಟರರನ್ನಾಗಿ ಹಳ್ಳಿಯ ಶಾಲೆಗಳಿಗೆ ಕರೆದೊಯ್ದಿತು. ಇನ್‌ಸ್ಪೆಕ್ಟರರು ಬರುತ್ತಾರೆಂದರೆ ಶಾಲೆಗೆ ಶಾಲೆಯೇ ನಡುಗುತ್ತಿದ್ದ ಕಾಲ ಅದು. ಪಂಜೆಯವರು ಬಂದರೆ ಮಕ್ಕಳಿಗೆ ಕಥೆ ಹೇಳುತ್ತಿದ್ದರು, ಹಾಡು ಹೇಳಿಕೊಡುತ್ತಿದ್ದರು. ಮಕ್ಕಳಿಗಾಗಿ ಬರೆಯುವವನು ಮಕ್ಕಳ ಮುಖ ನೋಡಿ ಬರೆಯಬೇಕಷ್ಟೆ. ಎಲ್ಲಿ ನಕ್ಕರು, ಎಲ್ಲಿ ಆಕಳಿಸಿದರು ಎಂಬುದನ್ನು ತಿಳಿಯಲು ರಾಯರಿಗೆ ಸಿಕ್ಕಷ್ಟು ಅವಕಾಶ ಕೋಣೆಯಲ್ಲಿ ಕುಳಿತ ಲೇಖಕನಿಗೆ ಸಿಗಲಾರದು. 1921ರಲ್ಲಿ ಅವರು ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಮಕ್ಕಳ ಓದಿಗೆಂದೇ ಪ್ರತ್ಯೇಕ ಪ್ರಯತ್ನ ಬೇಕು ಎಂಬ ಯೋಚನೆಯೇ ಆಗ ಹೊಸದು.

‘ಇಲಿಗಳ ಥಕಥೈ’, ‘ಒಡ್ಡನ ಓಟ’, ‘ಗುಡುಗುಡು ಗುಮ್ಮಟ ದೇವರು’, ‘ಕೊಕ್ಕೋ ಕೋಳಿ’ — ಈ ಹೆಸರುಗಳನ್ನು ಗಟ್ಟಿಯಾಗಿ ಹೇಳಿನೋಡಿ. ಪುಸ್ತಕ ತೆರೆಯುವ ಮೊದಲೇ ಬಾಯಿಗೆ ಆಟ ಸಿಕ್ಕಿಬಿಡುತ್ತದೆ. ‘ನಾಗರ ಹಾವೇ’ ಎಂಬ ಪದ್ಯ ಎಷ್ಟೋ ತಲೆಮಾರುಗಳ ನಾಲಗೆಯ ಮೇಲೆ ಉಳಿದಿದೆ. ಅದರಲ್ಲಿ ಮಗು ಹಾವನ್ನು ಬಾ ಬಾ ಎಂದು ಕರೆಯುತ್ತದೆ, ಹಾಲು ಕೊಡುವೆನೆನ್ನುತ್ತದೆ, ಕೊನೆಗೆ ಹೋಗು ಎಂದು ಕಳುಹಿಸುತ್ತದೆ. ಭಯವೂ ಬೆರಗೂ ಬೆರೆತ ಆ ಕರೆಯಲ್ಲಿ ಉಪದೇಶದ ಸುಳಿವೇ ಇಲ್ಲ. ಹಾಗೆಂದು ರಾಯರು ಬರಿಯ ತಮಾಷೆಯನ್ನೇ ಬರೆದರೆಂದು ತಿಳಿಯಬಾರದು. ತುಳುವಿನ ಪಾಡ್ದನಗಳಲ್ಲಿದ್ದ ಅವಳಿ ವೀರರ ಕಥೆಯನ್ನು ‘ಕೋಟಿ ಚೆನ್ನಯ’ ಎಂದು ಕನ್ನಡಕ್ಕೆ ತಂದರು. ಆ ವೀರರ ಸಾವನ್ನು ಮಕ್ಕಳಿಂದ ಮುಚ್ಚಿಡುವ ಅಗತ್ಯ ಅವರಿಗೆ ಕಾಣಲಿಲ್ಲ.

ನಾವು ಹರಿಹರದಲ್ಲಿ ಹೇಳಿದ್ದು ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಕಥೆಯನ್ನು. ಸಿಗಡಿ ಒಣಗದಿರಲು ಹುಲ್ಲು ಕಾರಣ, ಹುಲ್ಲಿಗೆ ದನ ಕಾರಣ, ದನಕ್ಕೆ ಹುಡುಗ ಕಾರಣ. ಹೀಗೆ ತಪ್ಪು ಒಬ್ಬರಿಂದ ಒಬ್ಬರಿಗೆ ಜಾರುತ್ತಾ ಕೊನೆಗೆ ಇರುವೆಯವರೆಗೂ ಬರುತ್ತದೆ. ಕರಾವಳಿಯ ಈ ಕಥೆ ನಮ್ಮ ಬಯಲುಸೀಮೆಯ ಮಕ್ಕಳಿಗೆ ಹಿಡಿಸೀತೇ ಎಂದು ನನಗೆ ಅಳುಕಿತ್ತು. ಸಿಗಡಿ ಎಂದರೇನೆಂದು ಒಬ್ಬ ಹುಡುಗ ಕೇಳಿಯೇಬಿಟ್ಟ. ನಾನು ಉತ್ತರ ಹುಡುಕುವಷ್ಟರಲ್ಲಿ ಹೊಳೆಯ ಬದಿಯ ಕೇರಿಯ ಹುಡುಗಿಯೊಬ್ಬಳು ಎದ್ದುನಿಂತು ಬೆರಳನ್ನು ಬಾಗಿಸಿ ತೋರಿಸಿದಳು. ಅವಳ ಅಪ್ಪ ತುಂಗಭದ್ರೆಯಲ್ಲಿ ಬಲೆ ಹಾಕುವವನಂತೆ. ಅಲ್ಲಿಯವರೆಗೆ ಆಕೆ ತರಗತಿಯಲ್ಲಿ ಬಾಯಿಬಿಟ್ಟವಳಲ್ಲವೆಂದು ಆಮೇಲೆ ತಿಳಿಯಿತು. ಎರಡನೆಯ ಸಲ ಹೇಳುವಾಗ ಮುಂದಿನ ತಪ್ಪಿತಸ್ಥ ಯಾರೆಂಬುದನ್ನು ಮಕ್ಕಳೇ ಕೂಗಿ ಹೇಳಿದರು. ನೀತಿ ಬೇಕೆಂದಿದ್ದ ನನ್ನ ಮಿತ್ರನು ಇರುವೆಯಾಗಿ ಎಲ್ಲರನ್ನೂ ಕಚ್ಚುತ್ತ ಓಡಾಡಿದನು.

ರಾಯರ ಬಾಳಿನ ಉಳಿದ ಭಾಗವನ್ನು ಬೇಗ ಹೇಳಿಬಿಡಬಹುದು. ಅವರು ಮಡಿಕೇರಿಯ ಸರಕಾರಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಅಲ್ಲಿದ್ದಾಗ ಕೊಡಗಿನ ಸುಗ್ಗಿಯ ಹಬ್ಬದ ಮೇಲೆ ಬರೆದ ‘ಹುತ್ತರಿ ಹಾಡು’ ಕೊಡಗಿನವರ ಸ್ವತ್ತೇ ಆಗಿಹೋಗಿದೆ. 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಮಂಗಳೂರು ಮದರಾಸು ಪ್ರಾಂತ್ಯದಲ್ಲಿಯೂ, ರಾಯಚೂರು ನಿಜಾಮರ ಸೀಮೆಯಲ್ಲಿಯೂ, ನಮ್ಮ ದಾವಣಗೆರೆ ಮೈಸೂರು ಸಂಸ್ಥಾನದಲ್ಲಿಯೂ ಇದ್ದ ದಿನಗಳವು. ಅವರಿಗಾಗಿ ಆ ಗಡಿಗಳನ್ನು ದಾಟಿದ್ದು ಮಕ್ಕಳ ಬಾಯಲ್ಲಿದ್ದ ಹಾಡು ಎಂದರೆ ಅತಿಶಯೋಕ್ತಿಯಾಗಲಾರದು. 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 63 ವರ್ಷ.

ಕೊನೆಗೆ ನಾವು ಕೊಂಡದ್ದು ಹನ್ನೊಂದು ಪುಸ್ತಕಗಳನ್ನು. ಮೂರು ನೀತಿಕಥೆಯವು, ಮಿತ್ರನ ಮಾತನ್ನೂ ಉಳಿಸಬೇಕಲ್ಲ. ಮೂರು ತಿಂಗಳ ಬಳಿಕ ಹೋಗಿ ನೋಡಿದಾಗ, ಹರಿದೀತೆಂಬ ಭಯದಿಂದ ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಬೀಗದ ಕೈ ತರಿಸಿ ಅವನ್ನು ಕಿಟಕಿಯ ಕೆಳಗಿನ ಹಲಗೆಯ ಮೇಲೆ ಜೋಡಿಸಿ ಬಂದೆವು. ಈಗ ಎರಡು ಪುಸ್ತಕಗಳ ರಟ್ಟು ಕಿತ್ತುಹೋಗಿದೆಯಂತೆ. ಬರುವ ಶನಿವಾರ ಗೋಂದು ತೆಗೆದುಕೊಂಡು ಹೋಗಬೇಕು.