ರಾಷ್ಟ್ರಪತಿಯ ಚುನಾವಣೆಯೂ ನಿಜಲಿಂಗಪ್ಪನವರೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಅಧ್ಯಕ್ಷಪದವಿಗೆ ನಿಂತವರು ಜನರೆದುರಿಗೆ ಮುಖಾಮುಖಿಯಾಗಿ ವಾದ ಮಾಡುವ ರೂಢಿಯೂ, ಉಪಾಧ್ಯಕ್ಷಪದವಿಗೆ ತಮ್ಮ ಜೊತೆಗಾರನನ್ನು ಆರಿಸಿಕೊಂಡು ಎರಡು ಹೆಸರುಗಳನ್ನೂ ಕೂಡಿಯೇ ಮತದಾರರ ಮುಂದಿಡುವ ರೂಢಿಯೂ ಉಂಟು. 1960ರಲ್ಲಿ ಕೆನೆಡಿಯವರೂ ನಿಕ್ಸನ್ನರೂ ದೂರದರ್ಶನದಲ್ಲಿ ವಾದಿಸಿದುದನ್ನು ಕೋಟ್ಯಂತರ ಜನರು ಕಂಡು ತೂಗಿ ನೋಡಿದರು. ಕೆನೆಡಿಯವರು ಟೆಕ್ಸಾಸಿನ ಜಾನ್ಸನ್ನರನ್ನು ಜೊತೆಗೆ ತೆಗೆದುಕೊಂಡುದನ್ನೂ ಹಾಗೆಯೇ ತೂಗಿದರು. ಇಂತಹ ವಾರ್ತೆಗಳು ಬಂದಾಗಲೆಲ್ಲ ರಾಯಚೂರಿನ ಅಂಗಡಿಕಟ್ಟೆಗಳಲ್ಲಿಯೂ, ದೇವದುರ್ಗ ಮಾನ್ವಿಗಳ ಕಚೇರಿ ಪಡಸಾಲೆಗಳಲ್ಲಿಯೂ, ನಮ್ಮಲ್ಲಿ ಹೀಗೇಕಿಲ್ಲವೆಂಬ ಪ್ರಶ್ನೆ ಏಳುವುದು ಸಹಜವಾಗಿದೆ. ಆ ಪ್ರಶ್ನೆಗೆ ಉತ್ತರ ಹುಡುಕುವವರು ಒಬ್ಬ ಕನ್ನಡಿಗರ ಜೀವಿತವನ್ನು ನೆನೆಯುವುದು ಲೇಸೆಂದು ನಮಗೆ ತೋರುತ್ತದೆ. ಅವರೇ ದಿವಂಗತ ಎಸ್. ನಿಜಲಿಂಗಪ್ಪನವರು.

ಮೊದಲು ನಮ್ಮ ಪದ್ಧತಿಯನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ. ನಮ್ಮಲ್ಲಿ ರಾಷ್ಟ್ರಪತಿಯನ್ನು ಆರಿಸುವವರು ಪಾರ್ಲಿಮೆಂಟಿನ ಎರಡೂ ಸಭೆಗಳ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು. ಉಪರಾಷ್ಟ್ರಪತಿಯ ಚುನಾವಣೆಯೇ ಬೇರೆ; ಅದರಲ್ಲಿ ಪಾರ್ಲಿಮೆಂಟಿನ ಸದಸ್ಯರಿಗೆ ಮಾತ್ರ ಮತವುಂಟು. ಒಬ್ಬ ಶಾಸಕನ ಮತಕ್ಕೆ ಎಷ್ಟು ಬೆಲೆಯೆಂಬುದು ಅವನ ರಾಜ್ಯದ ಜನಸಂಖ್ಯೆಯಿಂದ ಗೊತ್ತಾಗುತ್ತದೆ. 1961ರ ಜನಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ ಸುಮಾರು 2 ಕೋಟಿ 36 ಲಕ್ಷ. 1967ರ ವಿಧಾನಸಭೆಯ ಸದಸ್ಯರು 216 ಜನ. ಸೂತ್ರದಂತೆ ಲೆಕ್ಕ ಹಾಕಿದರೆ ನಮ್ಮ ಪ್ರತಿಯೊಬ್ಬ ಶಾಸಕನ ಮತದ ಬೆಲೆ 109 ಆಗುತ್ತದೆ. ಅಂದಮೇಲೆ ನಮ್ಮ ಸೀಮೆಯ ಸಾಮಾನ್ಯ ಮತದಾರನು ಈ ಚುನಾವಣೆಯಲ್ಲಿ ತಾನು ಕಳುಹಿಸಿದ ಪ್ರತಿನಿಧಿಯ ಕೈಯಿಂದಲೇ ಮಾತನಾಡತಕ್ಕವನು. ಆ ಪ್ರತಿನಿಧಿಯು ಪಕ್ಷದ ಅಪ್ಪಣೆಯಂತೆ ನಡೆಯಬೇಕೇ, ಅಂತಃಸಾಕ್ಷಿಯಂತೆ ನಡೆಯಬೇಕೇ ಎಂಬ ವಿವಾದವು 1969ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿ ದೇಶವನ್ನೆಲ್ಲ ಅಲುಗಿಸಿತು. ಅದರ ನಟ್ಟನಡುವೆ ಇದ್ದವರು ನಿಜಲಿಂಗಪ್ಪನವರು.

ಅವರು 1902ನೆಯ ಇಸವಿ ಡಿಸೆಂಬರ್ 10ರಂದು ಅಂದಿನ ಬಳ್ಳಾರಿ ಜಿಲ್ಲೆಯ ಹಲುವಾಗಲು ಗ್ರಾಮದಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು ತಾಯಿಯ ಆಶ್ರಯದಲ್ಲಿ ಬೆಳೆದರು. ದಾವಣಗೆರೆ ಮೊದಲಾದೆಡೆ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1924ರಲ್ಲಿ ಪದವಿಯನ್ನೂ, 1926ರಲ್ಲಿ ಪುಣೆಯಲ್ಲಿ ಕಾನೂನಿನ ಪದವಿಯನ್ನೂ ಪಡೆದು, ಚಿತ್ರದುರ್ಗದಲ್ಲಿ ವಕೀಲಿ ವೃತ್ತಿಯನ್ನು ಕೈಕೊಂಡರು. ವೃತ್ತಿಯು ಚೆನ್ನಾಗಿ ನಡೆಯುತ್ತಿರುವಾಗಲೇ ದೇಶಸೇವೆಯ ಕರೆಯು ಅವರ ಕಿವಿಗೆ ಬಿತ್ತು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹ ನಡೆದಾಗ ಮುಂದಾಳಾಗಿ ನಿಂತು ಸೆರೆಮನೆ ಸೇರಿದರು. ವಕೀಲಿಯ ಸನ್ನದನ್ನೂ ಕಳೆದುಕೊಂಡರು. ಸಂಸಾರಸ್ಥನಾದ ವಕೀಲನಿಗೆ ಇದು ಅಲ್ಪವಾದ ತ್ಯಾಗವಲ್ಲ. ಮುಂದೆ ಕರ್ನಾಟಕ ಪ್ರಾಂತ ಕಾಂಗ್ರೆಸ್ಸಿನ ಅಧ್ಯಕ್ಷರಾದರು, ಸಂವಿಧಾನ ಸಭೆಯಲ್ಲಿ ಕುಳಿತರು, 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಹೋದರು.

ಆದರೆ ಅವರ ಹೆಸರು ನಮ್ಮ ರಾಯಚೂರು ಸೀಮೆಯಲ್ಲಿ ಮನೆಮಾತಾದುದು ಏಕೀಕರಣದಿಂದ. ಆ ಕಾಲದ ಸ್ಥಿತಿಯನ್ನು ಇಂದಿನ ತರುಣರು ಊಹಿಸುವುದೂ ಕಷ್ಟ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನಾಡು ನಿಜಾಮರ ಆಳಿಕೆಯಲ್ಲಿದ್ದಾಗ ಕಚೇರಿಯ ಕಾಗದಪತ್ರಗಳೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದುವು. ಮನೆಯಲ್ಲಿ ಕನ್ನಡವಾಡುವ ರೈತನು ತನ್ನ ಹೊಲದ ದಾಖಲೆಯನ್ನು ತಾನೇ ಓದಲಾರದೆ ಮತ್ತೊಬ್ಬನ ಬಾಯಿಯನ್ನು ನೋಡಬೇಕಾಗಿದ್ದಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. ವಯಸ್ಕರೆಲ್ಲರಿಗೂ ಮತದ ಹಕ್ಕು ಕೈಗೆ ಬಂದುದು 1952ರ ಚುನಾವಣೆಯಲ್ಲಿ. 1956ನೆಯ ನವೆಂಬರ್ 1ರಂದು ರಾಯಚೂರು, ಗುಲ್ಬರ್ಗ, ಬೀದರ ಜಿಲ್ಲೆಗಳ ಕನ್ನಡ ಭಾಗಗಳು ಮೈಸೂರು ರಾಜ್ಯದೊಡನೆ ಕೂಡಿದುವು. ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಮಾತ್ರ ಆಂಧ್ರಕ್ಕೆ ಹೋದುವು. ಹಳೆಯ ಮೈಸೂರಿನ ಅನೇಕ ಮುಖಂಡರು, ಹಿಂದುಳಿದ ಪ್ರದೇಶಗಳ ಭಾರ ತಮ್ಮ ಮೇಲೆ ಬೀಳುವುದೆಂದು ಹಿಂಜರಿದಿದ್ದರು. ಆ ಹಿಂಜರಿಕೆಗೆ ಎದುರಾಗಿ ನಿಂತವರಲ್ಲಿ ನಿಜಲಿಂಗಪ್ಪನವರು ಪ್ರಮುಖರು. ಕೂಡಿದ ರಾಜ್ಯದ ಮೊದಲ ಮುಖ್ಯಮಂತ್ರಿಗಳಾಗುವ ಗೌರವವೂ ಅವರಿಗೇ ಸಂದಿತು.

1958ರಲ್ಲಿ ಅವರು ಆ ಪದವಿಯನ್ನು ಬಿಟ್ಟುಕೊಟ್ಟು, ಬಿ. ಡಿ. ಜತ್ತಿಯವರು ಮುಖ್ಯಮಂತ್ರಿಗಳಾದರು. 1962ರ ಚುನಾವಣೆಯಲ್ಲಿ ಒಂದು ವಿಚಿತ್ರ ನಡೆಯಿತು. ಪಕ್ಷವು ಗೆದ್ದಿತು, ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಕೆಲವು ತಿಂಗಳ ಮಟ್ಟಿಗೆ ಎಸ್. ಆರ್. ಕಂಠಿಯವರು ಆಡಳಿತ ನಡೆಸಿ ಸ್ಥಾನವನ್ನು ಬಿಟ್ಟುಕೊಟ್ಟರು. ಬಾಗಲಕೋಟೆಯಿಂದ ಆರಿಸಿಬಂದ ನಿಜಲಿಂಗಪ್ಪನವರು ಆ ವರ್ಷದ ಜೂನಿನಲ್ಲಿ ಮತ್ತೆ ಮುಖ್ಯಮಂತ್ರಿಗಳಾಗಿ 1968ರ ವರೆಗೆ ಇದ್ದರು. ಮತದಾರನ ಮನಸ್ಸನ್ನು ಯಾರ ಹಿರಿಮೆಯೂ ಕಟ್ಟಿಹಾಕಲಾರದೆಂಬುದನ್ನು ಅವರು ಅಂದೇ ಕಂಡಿದ್ದರು. ಶರಾವತಿಯ ವಿದ್ಯುತ್ತು ರಾಜ್ಯಕ್ಕೆ ಬೆಳಕಾದುದು ಅವರ ಕಾಲದಲ್ಲಿ. 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿಟ್ಟುದೂ ಅವರ ಕಾಲದಲ್ಲಿಯೇ. ತುಂಗಭದ್ರೆಯ ಎಡದಂಡೆ ಕಾಲುವೆಯು ಮಾನ್ವಿ ರಾಯಚೂರುಗಳ ಕಡೆಗೆ ಹರಿದುದರಿಂದ ಜೋಳ ಹತ್ತಿಗಳ ಒಣಭೂಮಿಯಲ್ಲಿ ಭತ್ತ ಕಂಡಿತು. ಕೃಷ್ಣೆಯ ನೀರು ನಾರಾಯಣಪುರದ ಬಲದಂಡೆಯಿಂದ ದೇವದುರ್ಗದ ಹೊಲಗಳನ್ನು ಮುಟ್ಟುವುದಕ್ಕೆ ಮಾತ್ರ ದಶಕಗಳೇ ಹಿಡಿದುವು.

1968ರ ಆರಂಭದಲ್ಲಿ ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಕನ್ನಡನಾಡಿಗೆ ಅದು ಹೆಮ್ಮೆಯ ದಿನ. ಅವರ ಪಾಲಿಗೆ ಮುಳ್ಳಿನ ಪೀಠ. 1967ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಅನೇಕ ರಾಜ್ಯಗಳಲ್ಲಿ ಅಧಿಕಾರ ಕಳೆದುಕೊಂಡಿದ್ದಿತು. ರಾಯಚೂರಿನ ಮತದಾರರೂ ಆ ಸಲ ಲೋಕಸಭೆಗೆ ಸ್ವತಂತ್ರ ಪಕ್ಷದ ಅಭ್ಯರ್ಥಿಯನ್ನೇ ಕಳುಹಿಸಿದ್ದರು. ಪಕ್ಷದ ಒಳಗೆ ಹಿರಿಯ ಮುಖಂಡರಿಗೂ ಪ್ರಧಾನಿ ಇಂದಿರಾ ಗಾಂಧಿಯವರಿಗೂ ನಡುವೆ ಬಿರುಕು ಬೆಳೆಯುತ್ತಿದ್ದಿತು. ಹೀಗಿರುವಲ್ಲಿ 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ಅಧಿಕಾರದಲ್ಲಿರುವಾಗಲೇ ನಿಧನ ಹೊಂದಿದರು. ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಹಂಗಾಮಿಯಾಗಿ ಆ ಸ್ಥಾನ ವಹಿಸಿದರು. ಇದೇ ಗಿರಿಯವರು 1965ರಿಂದ 1967ರ ವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದು ನಿಜಲಿಂಗಪ್ಪನವರ ಮಂತ್ರಿಮಂಡಲದ ಕಾರ್ಯವನ್ನು ಹತ್ತಿರದಿಂದ ಕಂಡವರೆಂಬುದನ್ನು ವಾಚಕರು ಗಮನಿಸಬೇಕು.

ಆ ವರ್ಷದ ಜುಲೈಯಲ್ಲಿ ಕಾಂಗ್ರೆಸ್ ಮಹಾಸಮಿತಿಯು ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿತು. ಅಭ್ಯರ್ಥಿ ಯಾರೆಂಬ ಪ್ರಶ್ನೆ ಪಾರ್ಲಿಮೆಂಟರಿ ಮಂಡಲಿಯ ಮುಂದೆ ಬಂದಾಗ, ಪ್ರಧಾನಿಯವರು ಜಗಜೀವನರಾಮರ ಹೆಸರನ್ನು ಮುಂದಿಟ್ಟರು. ಬಹುಮತವು ನೀಲಂ ಸಂಜೀವರೆಡ್ಡಿಯವರ ಕಡೆಗೆ ಬಿದ್ದಿತು. ಅಮೆರಿಕಾದಲ್ಲಿ ಬಯಲಿನಲ್ಲಿ ನಡೆಯುವ ವಾದವು ನಮ್ಮಲ್ಲಿ ಹೀಗೆ ಕೊಠಡಿಯ ಬಾಗಿಲು ಹಾಕಿಕೊಂಡು ನಡೆಯಿತು. ಬಾಗಿಲು ತೆರೆದ ಕೂಡಲೇ ಅದು ಬೀದಿಗೆ ಬಂದಿತು. ಮೊರಾರ್ಜಿ ದೇಸಾಯಿಯವರಿಂದ ಅರ್ಥಖಾತೆ ಹೋಯಿತು. ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರದ ಸ್ವತ್ತಾದುವು. ಗಿರಿಯವರು ರಾಜೀನಾಮೆ ಕೊಟ್ಟು ಪಕ್ಷದ ಹಂಗಿಲ್ಲದೆ ಕಣಕ್ಕಿಳಿದರು. ಸ್ವತಂತ್ರ ಪಕ್ಷವೂ ಜನಸಂಘವೂ ಸಿ. ಡಿ. ದೇಶಮುಖರನ್ನು ನಿಲ್ಲಿಸಿದುವು.

ಇಲ್ಲಿ ನಿಜಲಿಂಗಪ್ಪನವರು ಇಟ್ಟ ಹೆಜ್ಜೆಯೊಂದು ಅವರ ಜೀವಿತದಲ್ಲಿಯೇ ಅತ್ಯಂತ ವಿವಾದಾಸ್ಪದವಾಯಿತು. ಸಂಜೀವರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ದೊರಕಿಸುವುದಕ್ಕಾಗಿ ಅವರು ಸ್ವತಂತ್ರ ಪಕ್ಷದ ಮತ್ತು ಜನಸಂಘದ ಮುಖಂಡರೊಡನೆ ಮಾತನಾಡಿದರು. ಮತಯಾಚನೆಯು ಅಪರಾಧವಲ್ಲ, ಎರಡನೆಯ ಪ್ರಾಶಸ್ತ್ಯದ ನಿಯಮ ಇರುವುದೇ ಅದಕ್ಕಾಗಿ. ಆದರೆ ತಮ್ಮ ಪಕ್ಷದೊಳಗೆ ಅನುಮಾನ ಮಡುಗಟ್ಟಿದ ಹೊತ್ತಿನಲ್ಲಿ ಎದುರು ಪಕ್ಷಗಳ ಬಾಗಿಲು ತಟ್ಟಿದುದು ವಿವೇಕವಾಗಲಿಲ್ಲ. ಅದೇ ವಿರೋಧಿಗಳಿಗೆ ಆಯುಧವಾಯಿತು. ಸಂಜೀವರೆಡ್ಡಿಯವರ ನಾಮಪತ್ರಕ್ಕೆ ತಾವೇ ಸಹಿ ಹಾಕಿದ್ದ ಪ್ರಧಾನಿಯವರು, ಪಕ್ಷದ ಕಟ್ಟಾಜ್ಞೆ ಹೊರಡಿಸಬೇಕೆಂಬ ಅಧ್ಯಕ್ಷರ ಕೋರಿಕೆಯನ್ನು ನಿರಾಕರಿಸಿ, ಸದಸ್ಯರು ಅಂತಃಸಾಕ್ಷಿಯಂತೆ ಮತ ಕೊಡಲೆಂಬ ಮಾತಿನ ಕಡೆಗೆ ನಿಂತರು.

ಆಗಸ್ಟ್ 16ರಂದು ಮತದಾನವಾಯಿತು. 20ರಂದು ಎಣಿಕೆ ನಡೆದಾಗ ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ಸಂಜೀವರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ಮತಗಳು ಬಂದಿದ್ದುವು. ಯಾರಿಗೂ ಅವಶ್ಯವಾದಷ್ಟು ಬಹುಮತವಿರಲಿಲ್ಲ. ಎರಡನೆಯ ಪ್ರಾಶಸ್ತ್ಯವನ್ನು ಎಣಿಸಿದ ಮೇಲೆ ಗಿರಿಯವರದು 4,20,077, ಸಂಜೀವರೆಡ್ಡಿಯವರದು 4,05,427 ಆಯಿತು. ನಿಜಲಿಂಗಪ್ಪನವರು ಕೋರಿದ್ದ ಎರಡನೆಯ ಮತಗಳು ಬಹುಮಟ್ಟಿಗೆ ಬಂದುವು. ಕೈಬಿಟ್ಟುವು ಸ್ವಂತ ಮನೆಯ ಮೊದಲ ಮತಗಳು. ಅದೇ ತಿಂಗಳ ಕೊನೆಯಲ್ಲಿ ಉಪರಾಷ್ಟ್ರಪತಿಗಳಾಗಿ ಬಂದವರು ಗೋಪಾಲ ಸ್ವರೂಪ ಪಾಠಕರು; ಅವರೂ ಅದುವರೆಗೆ ಮೈಸೂರಿನ ರಾಜ್ಯಪಾಲರೇ ಆಗಿದ್ದರು. ಗಿರಿಯವರು ಜೊತೆಗಾರನೆಂದು ಅವರನ್ನು ಆರಿಸಿಕೊಂಡಿರಲಿಲ್ಲ. ಆದರೂ ದೇಶದ ಎರಡು ಉನ್ನತ ಸ್ಥಾನಗಳು ಒಟ್ಟಿಗೆ ಬೆಂಗಳೂರಿನ ರಾಜಭವನದಲ್ಲಿ ಇದ್ದು ಹೋದವರಿಗೇ ದೊರೆತುವು.

ನವೆಂಬರ್ 12ರಂದು ನಿಜಲಿಂಗಪ್ಪನವರ ಅಧ್ಯಕ್ಷತೆಯ ಕಾಂಗ್ರೆಸ್ಸು ಇಂದಿರಾ ಗಾಂಧಿಯವರನ್ನು ಹೊರಗೆ ಹಾಕಿತು. ಪಕ್ಷವು ಎರಡು ಹೋಳಾಯಿತು. ಹರಿದು ಹಂಚಿಹೋಗಿದ್ದ ಕನ್ನಡನಾಡನ್ನು ಕೂಡಿಸಲು ದುಡಿದವರ ಕೈಯಿಂದಲೇ ದೇಶದ ಹಳೆಯ ರಾಷ್ಟ್ರೀಯ ಸಂಸ್ಥೆಯ ಒಡಕಿನ ಕಾಗದಕ್ಕೆ ಮುದ್ರೆ ಬೀಳುವಂತಾದುದು ದೈವದ ಕ್ರೂರವಾದ ಆಟವೆಂದೇ ಹೇಳಬೇಕು.

ಬೆಂಗಳೂರಿನ ವಿವಾದದಲ್ಲಿ ಮಾತಿಲ್ಲದಿದ್ದ ಸಾಮಾನ್ಯ ಮತದಾರನಿಗೆ 1971ರಲ್ಲಿ ಸರದಿ ಬಂದಿತು. ಮೈಸೂರು ರಾಜ್ಯದ 27 ಲೋಕಸಭಾ ಸ್ಥಾನಗಳಲ್ಲಿ 27ನ್ನೂ ಅವನು ಇಂದಿರಾ ಗಾಂಧಿಯವರ ಪಕ್ಷಕ್ಕೆ ಕೊಟ್ಟನು. ನಾಲ್ಕು ವರ್ಷಗಳ ಹಿಂದೆ ಸ್ವತಂತ್ರ ಪಕ್ಷವನ್ನು ಗೆಲ್ಲಿಸಿದ್ದ ರಾಯಚೂರೂ ಬೇರೆ ದಾರಿ ಹಿಡಿಯಲಿಲ್ಲ. ರಾಜ್ಯದಲ್ಲಿ ವೀರೇಂದ್ರ ಪಾಟೀಲರ ಸರಕಾರ ಬಿದ್ದಿತು. 1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಗಳಾದರು. ಏಕೀಕರಣದ ಹಿರಿಯನನ್ನು ಕನ್ನಡಿಗರು ಮರೆತರೆಂದೂ, ಇದು ಕೃತಘ್ನತೆಯೆಂದೂ ಅಂದು ನೊಂದವರುಂಟು. ನಾವು ಹಾಗೆ ತಿಳಿಯುವುದಿಲ್ಲ. ಕಾಲುವೆಯ ಕೊನೆಯಲ್ಲಿ ನಿಂತು ನೀರಿಗಾಗಿ ಕಾಯುವ ರೈತನಿಗೆ ಅಧ್ಯಕ್ಷರ ಅಧಿಕಾರವೆಷ್ಟು, ಪ್ರಧಾನಿಯ ಅಧಿಕಾರವೆಷ್ಟು ಎಂಬ ಜಗಳವು ತನ್ನದೆನಿಸಲಿಲ್ಲ. ಬಡತನದ ಮಾತನ್ನಾಡಿದವರ ಕಡೆಗೆ ಅವನು ಹೊರಳಿದನು. ಕೃತಜ್ಞತೆಯು ಮನಸ್ಸಿನ ಧರ್ಮ. ಮತವು ನಾಳೆಯ ವಿಚಾರ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವವರು ಪ್ರಜಾಪ್ರಭುತ್ವವನ್ನು ಅರಿತವರಲ್ಲ.

ಹಾಗೆಂದು ಗೆದ್ದವರ ಮಾತೆಲ್ಲ ಸತ್ಯವೆಂದೂ ಹೇಳಲಾಗದು. 1969ರಲ್ಲಿ ಅಂತಃಸಾಕ್ಷಿಯ ಹೆಸರಿನಲ್ಲಿ ಗೆದ್ದವರೇ 1975ರ ತುರ್ತುಪರಿಸ್ಥಿತಿಯಲ್ಲಿ ಪರರ ಅಂತಃಸಾಕ್ಷಿಗೆ ಬಾಯಿಲ್ಲದಂತೆ ಮಾಡಿದರು. ಅನುಕೂಲವಿದ್ದಾಗ ಕರೆದು, ಅನನುಕೂಲವಾದಾಗ ಸೆರೆಗೆ ಹಾಕುವುದಾದರೆ ಅದಕ್ಕೆ ಅಂತಃಸಾಕ್ಷಿಯೆಂಬ ಹೆಸರು ಸಲ್ಲದು. ಅಂದು ಸೋತ ಸಂಜೀವರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಗಳಾದುದನ್ನೂ, ಅವರು ಅಧಿಕಾರ ವಹಿಸುವ ವರೆಗೆ ಹಂಗಾಮಿ ರಾಷ್ಟ್ರಪತಿಗಳಾಗಿದ್ದವರು ನಮ್ಮ ಜತ್ತಿಯವರೆಂಬುದನ್ನೂ ನೆನೆದರೆ, ಕಾಲವು ತನ್ನ ಲೆಕ್ಕವನ್ನು ನಿಧಾನವಾಗಿ ತೀರಿಸುವುದೆಂದು ತೋರುತ್ತದೆ.

ಸೋಲಿನ ಅನಂತರದ ನಿಜಲಿಂಗಪ್ಪನವರೇ ನಮಗೆ ಹೆಚ್ಚು ದೊಡ್ಡವರಾಗಿ ಕಾಣುತ್ತಾರೆ. ಪದವಿಗಾಗಿ ಅವರು ಗೆದ್ದವರ ಬಾಗಿಲಿಗೆ ಹೋಗಲಿಲ್ಲ. ಕ್ರಮೇಣ ರಾಜಕಾರಣದಿಂದ ದೂರ ಸರಿದು ಚಿತ್ರದುರ್ಗದಲ್ಲಿ ಸರಳವಾಗಿ ಬಾಳಿದರು. 2000ನೆಯ ಇಸವಿ ಆಗಸ್ಟ್ 8ರಂದು, 97 ವರ್ಷಗಳ ತುಂಬು ವಯಸ್ಸಿನಲ್ಲಿ ದಿವಂಗತರಾದರು. ಅವರು ಕೂಡಿಸಿದ ನಾಡು ಕೂಡಿಯೇ ಇದೆ. ಆದರೆ ಅವರು ಕೂಡಿಸಿದ ಭಾಗಗಳು ಇನ್ನೂ ಸಮವಾಗಿಲ್ಲ. ನಂಜುಂಡಪ್ಪ ಸಮಿತಿಯು 2002ರಲ್ಲಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಸೇರಿಸಿತು. 2012ರಲ್ಲಿ ಪಾರ್ಲಿಮೆಂಟು ಈ ಭಾಗಕ್ಕಾಗಿ ಸಂವಿಧಾನದಲ್ಲಿ 371ಜೆ ವಿಧಿಯನ್ನೇ ಹೊಸದಾಗಿ ಸೇರಿಸಬೇಕಾಯಿತು.

ಇದರಿಂದ ನಮ್ಮ ನಾಗರಿಕರೂ ಅಧಿಕಾರಿಗಳೂ ಕಲಿಯತಕ್ಕ ಪಾಠವೊಂದುಂಟು. ರಾಷ್ಟ್ರಪತಿಯ ಚುನಾವಣೆಯಲ್ಲಿ ಮತವು ಗುಪ್ತವಾದುದು. ಪಕ್ಷದ ಕಟ್ಟಾಜ್ಞೆ ಅಲ್ಲಿ ಇಂದಿಗೂ ನಡೆಯಲಾರದು. ನಮ್ಮ ಶಾಸಕನ ಲೇಖನಿಯ ತುದಿಯಲ್ಲಿ ಅಂದು 109 ಇದ್ದುದು, 1971ರ ಜನಗಣತಿಯ ಲೆಕ್ಕಕ್ಕೆ ಬಂದ ಮೇಲೆ 131 ಆಗಿದೆ. ಆ ಅಂಕಿಯು ಶಾಸಕನದಲ್ಲ. ರಾಯಚೂರಿನ ಹಮಾಲರದು, ಮಾನ್ವಿಯ ರೈತರದು, ದೇವದುರ್ಗದ ಕೂಲಿಕಾರರದು. ಮತ ಕೊಟ್ಟು ಊರಿಗೆ ಬಂದ ಶಾಸಕನನ್ನು ನಿಲ್ಲಿಸಿ, ಯಾರಿಗೆ ಕೊಟ್ಟಿರೆಂದು ಕೇಳುವ ಹಕ್ಕು ನಮಗಿಲ್ಲದಿರಬಹುದು. ಆ ಪದವಿಗೆ ಎಂತಹವರು ತಕ್ಕವರೆಂದು ತಿಳಿದಿರಿ, ಏಕೆ ತಿಳಿದಿರಿ ಎಂದು ಕೇಳುವ ಹಕ್ಕು ನಿಶ್ಚಯವಾಗಿಯೂ ಇದೆ. ಬಾಗಿಲು ಹಾಕಿದ ಕೊಠಡಿಯ ವಾದವನ್ನು ಬಯಲಿಗೆ ತರಲು ನಮ್ಮ ಜನರಿಗೆ ಇರುವ ದಾರಿ ಅದೊಂದೇ. ಅದನ್ನು ಕೇಳುವ ಧೈರ್ಯವು ನಮ್ಮಲ್ಲಿ ಬೆಳೆದರೆ, ಸೋತೂ ಕೆಡದ ಆ ಹಿರಿಯರ ಸ್ಮರಣೆಗೆ ಅದಕ್ಕಿಂತ ಹೆಚ್ಚಿನ ಗೌರವ ಬೇರೊಂದಿಲ್ಲವೆಂದು ನಾವು ನಂಬಿದ್ದೇವೆ.