ಅಕ್ಕನ ಸರದಿ, ತಂಗಿಯ ಸರದಿ

ಪರದೇಶದಲ್ಲಿ ಓದಿ ಹೆಸರು ಗಳಿಸಿದವರ ಹಿಂದೆ, ಊರಿನಲ್ಲಿ ಉಳಿದು ಹಣ ಹೊಂದಿಸಿದವರೊಬ್ಬರು ಇರುವುದುಂಟು. ಮೇರಿ ಕ್ಯೂರಿ ಪರದೇಶ ಕಾಣುವ ಮೊದಲು ತಾನೇ ಹಾಗೆ ಊರಿನಲ್ಲಿ ಉಳಿದವಳು.

ಆಕೆ 1867ರ ನವೆಂಬರ್ 7ರಂದು ವಾರ್ಸಾದಲ್ಲಿ ಹುಟ್ಟಿದಳು. ತವರಿನ ಹೆಸರು ಮರಿಯಾ ಸ್ಕ್ಲೊಡೊವ್ಸ್ಕಾ. ಪೋಲೆಂಡ್ ಆಗ ಸ್ವತಂತ್ರ ದೇಶವಾಗಿರಲಿಲ್ಲ. ವಾರ್ಸಾ ರಷ್ಯಾದ ಆಳ್ವಿಕೆಯಲ್ಲಿತ್ತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಅಧ್ಯಾಪಕರಾಗಿದ್ದ ತಂದೆಗೆ ಮಕ್ಕಳನ್ನು ಹೊರದೇಶಕ್ಕೆ ಕಳುಹಿಸುವ ಶಕ್ತಿಯಿರಲಿಲ್ಲ. ಅಕ್ಕ ಬ್ರೋನ್ಯಾ ಮೊದಲು ಪ್ಯಾರಿಸ್ಸಿಗೆ ಹೋಗಿ ವೈದ್ಯಕೀಯ ಓದುವುದು, ತಂಗಿ ದುಡಿದು ಹಣ ಕಳುಹಿಸುವುದು, ಅನಂತರ ತಂಗಿಯ ಸರದಿ ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡರು. ಮರಿಯಾ ಸಿರಿವಂತರ ಮನೆಗಳಲ್ಲಿದ್ದು ಮಕ್ಕಳಿಗೆ ಪಾಠ ಹೇಳುತ್ತ ವರ್ಷಗಳನ್ನು ಕಳೆದಳು. 1891ರಲ್ಲಿ ಆಕೆ ಪ್ಯಾರಿಸ್ ತಲುಪಿದಾಗ ಮೊದಲು ಆಶ್ರಯ ಕೊಟ್ಟದ್ದು ಅಕ್ಕ-ಭಾವನ ಮನೆ. 1893ರಲ್ಲಿ ಭೌತಶಾಸ್ತ್ರದ ಪದವಿ ಪರೀಕ್ಷೆಯಲ್ಲಿ ಆಕೆಯೇ ಮೊದಲಿಗಳು.

ಯುರೇನಿಯಂ ತಾನಾಗಿಯೇ ಅಗೋಚರ ಕಿರಣಗಳನ್ನು ಹೊರಸೂಸುವುದನ್ನು ಹೆನ್ರಿ ಬೆಕ್ವೆರೆಲ್ 1896ರಲ್ಲಿ ಕಂಡುಕೊಂಡಿದ್ದನು. ಮೇರಿ ಆ ಕಿರಣಗಳನ್ನು ಅಳೆದಳು. ಕಾಯಿಸಿದರೂ, ಬೇರೆ ವಸ್ತುವಿನೊಡನೆ ಸಂಯೋಜಿಸಿದರೂ ಅವು ಬದಲಾಗಲಿಲ್ಲ. ಲೆಕ್ಕಕ್ಕೆ ಬಂದದ್ದು ಯುರೇನಿಯಂನ ಪ್ರಮಾಣವೊಂದೇ. ಹಾಗಾದರೆ ಇದು ಪರಮಾಣುವಿನದೇ ಗುಣ ಎಂದು ಆಕೆ ಊಹಿಸಿದಳು. 1898ರಲ್ಲಿ ಪತಿ ಪಿಯರ್‌ನೊಡನೆ ಎರಡು ಹೊಸ ಧಾತುಗಳನ್ನು ಗುರುತಿಸಿ, ಒಂದಕ್ಕೆ ತವರು ದೇಶದ ನೆನಪಿನಲ್ಲಿ ಪೊಲೋನಿಯಂ ಎಂದು ಹೆಸರಿಟ್ಟಳು. ಇನ್ನೊಂದು ರೇಡಿಯಂ.

ಪ್ರೌಢಶಾಲೆಯ ಮಕ್ಕಳು ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ರಾಸಾಯನಿಕ ಕ್ರಿಯೆಯಲ್ಲಿ ಪಾಲ್ಗೊಳ್ಳುವುದು ಹೊರಗಿನ ಎಲೆಕ್ಟ್ರಾನುಗಳು ಮಾತ್ರ, ಧಾತು ಬದಲಾಗದು. ಬೈಜಿಕ ಕ್ರಿಯೆಯಲ್ಲಿ ಬದಲಾಗುವುದು ಪರಮಾಣುವಿನ ಬೀಜಕೇಂದ್ರ. 88 ಪ್ರೋಟಾನುಗಳ ರೇಡಿಯಂ, 2 ಪ್ರೋಟಾನು ಮತ್ತು 2 ನ್ಯೂಟ್ರಾನುಗಳ ಆಲ್ಫಾ ಕಣವನ್ನು ಹೊರದೂಡಿ, 86 ಪ್ರೋಟಾನುಗಳ ರೇಡಾನ್ ಅನಿಲವಾಗುತ್ತದೆ. ರೇಡಿಯಂ-226ರಲ್ಲಿ ಅರ್ಧದಷ್ಟು ಹೀಗೆ ಮಾರ್ಪಡಲು ಸುಮಾರು 1,600 ವರ್ಷ ಬೇಕು. ಅದೇ ಅದರ ಅರ್ಧಾಯು. ಆಲ್ಫಾ ಕಣವನ್ನು ಒಂದು ಹಾಳೆ ಕಾಗದ ತಡೆಯುತ್ತದೆ, ಆದರೆ ಅದನ್ನು ಹೊರಸೂಸುವ ವಸ್ತು ದೇಹದೊಳಗೆ ಸೇರಿದರೆ ಅಪಾಯ ಹೆಚ್ಚು. ಗಾಮಾ ಕಿರಣವನ್ನು ತಗ್ಗಿಸಲು ದಪ್ಪ ಸೀಸವೇ ಬೇಕು.

ರೋಗ ತರುವ ವಿಕಿರಣವೇ ಕ್ಯಾನ್ಸರನ್ನು ಹೇಗೆ ಗುಣಪಡಿಸುತ್ತದೆ ಎಂದು ಊರಿನ ಬಂಧುಗಳು ನನ್ನನ್ನು ಕೇಳುವುದುಂಟು. ವಿಕಿರಣವು ಜೀವಕೋಶದ ಡಿಎನ್‌ಎಯನ್ನು ಘಾಸಿಗೊಳಿಸುತ್ತದೆ. ವೇಗವಾಗಿ ವಿಭಜನೆಯಾಗುವ ಕೋಶಗಳು ಸಾಮಾನ್ಯವಾಗಿ ಮೊದಲು ಸೋಲುತ್ತವೆ. ಗಡ್ಡೆಯ ಕೋಶಗಳು ಅಂಥವು. ರಕ್ತ ಉತ್ಪಾದಿಸುವ ಅಸ್ಥಿಮಜ್ಜೆಯ ಕೋಶಗಳೂ ಅಂಥವೇ. ಆದ್ದರಿಂದ ಎಷ್ಟು ಪ್ರಮಾಣ, ಯಾವ ಜಾಗಕ್ಕೆ ಎಂಬುದೇ ಚಿಕಿತ್ಸೆಯ ಜೀವಾಳ.

ಈ ಎಚ್ಚರ ಮೇರಿಯ ಕಾಲಕ್ಕೆ ಇನ್ನೂ ಮೂಡಿರಲಿಲ್ಲ. ಆಕೆ ರೇಡಿಯಂ ಅನ್ನು ಬರಿಗೈಯಲ್ಲಿ ಮುಟ್ಟಿದಳು. ಮೊದಲ ಮಹಾಯುದ್ಧದಲ್ಲಿ ಎಕ್ಸ್‌ರೇ ವಾಹನಗಳನ್ನು ಸಜ್ಜುಗೊಳಿಸಿ ಗಾಯಾಳುಗಳ ಬಳಿಗೆ ಒಯ್ದಳು. 1903 ಮತ್ತು 1911ರಲ್ಲಿ ಎರಡು ನೊಬೆಲ್ ಪುರಸ್ಕಾರಗಳು ಸಂದವು. 1934ರ ಜುಲೈ 4ರಂದು, ಅಸ್ಥಿಮಜ್ಜೆ ಬತ್ತಿಹೋಗುವ ಏಪ್ಲಾಸ್ಟಿಕ್ ಅನೀಮಿಯಾದಿಂದ ಆಕೆ ತೀರಿಕೊಂಡಳು. ಆಕೆಯ ಟಿಪ್ಪಣಿ ಪುಸ್ತಕಗಳಲ್ಲಿ ಇಂದಿಗೂ ವಿಕಿರಣವಿದೆ.

ಅದಕ್ಕೆ ಎರಡು ವರ್ಷ ಮೊದಲು, 1932ರಲ್ಲಿ, ವಾರ್ಸಾದಲ್ಲಿ ರೇಡಿಯಂ ಸಂಸ್ಥೆಯೊಂದು ಬಾಗಿಲು ತೆರೆದಿತ್ತು. ಅದಕ್ಕೆ ಬೇಕಾದ ರೇಡಿಯಂಗಾಗಿ ಮೇರಿ 1929ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನವರ ದೇಣಿಗೆ ತಂದಿದ್ದಳು. ತವರಿನ ರೋಗಿಗಳಿಗಾಗಿ ಕಟ್ಟಿದ ಆ ಸಂಸ್ಥೆಯ ಹೊಣೆ ಹೊತ್ತ ವೈದ್ಯೆ, ಅಕ್ಕ ಬ್ರೋನ್ಯಾ.