ದಿವಾನ್ ಶೇಷಾದ್ರಿ ಅಯ್ಯರ್

ಗುಂಡಿಯನ್ನು ಒತ್ತಿದೊಡನೆ ಮನೆ ಬೆಳಗುವುದು ಇಂದು ನಮಗೆ ಸಹಜವಾದ ಸಂಗತಿ. ಆ ಬೆಳಕು ಎಲ್ಲಿಂದ ಬಂದಿತು, ಯಾರ ಶ್ರಮದಿಂದ ಬಂದಿತು ಎಂದು ನಾವು ಆಲೋಚಿಸುವುದು ವಿರಳ. ಕನ್ನಡ ನಾಡಿನಲ್ಲಿ ವಿದ್ಯುತ್ತನ್ನು ದೂರದೂರಕ್ಕೆ ಸಾಗಿಸಿದ ಮೊದಲ ದಿನಗಳನ್ನು ನೆನೆದಾಗ ಕೃತಜ್ಞತೆಯಿಂದ ಸ್ಮರಿಸಬೇಕಾದ ಮಹನೀಯರು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು.

ಶೇಷಾದ್ರಿ ಅಯ್ಯರ್ ಅವರು 1845ರ ಜೂನ್ 1ರಂದು ಮಲಬಾರಿನ ಪಾಲಕ್ಕಾಡು ಸೀಮೆಯಲ್ಲಿ ಜನಿಸಿದರು. ಕಲ್ಲಿಕೋಟೆಯಲ್ಲಿ ವಿದ್ಯಾಭ್ಯಾಸ ಮಾಡಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದರು. 1868ರಲ್ಲಿ ರಂಗಾಚಾರ್ಲು ಅವರ ಪ್ರೇರಣೆಯಿಂದ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ದಕ್ಷತೆಯಿಂದ ಹಂತಹಂತವಾಗಿ ಮೇಲೇರಿ, ರಂಗಾಚಾರ್ಲು ಅವರು ನಿಧನರಾದ 1883ರಲ್ಲಿ ದಿವಾನರಾದರು. ಆಗ ಅವರಿಗೆ ಮೂವತ್ತೇಳು ವರ್ಷ ವಯಸ್ಸು.

ಹದಿನೆಂಟು ವರ್ಷಗಳ ಕಾಲ ಅವರು ಆ ಹೊಣೆಯನ್ನು ಹೊತ್ತರು. 1876ರಿಂದ 1878ರವರೆಗಿನ ಘೋರ ಕ್ಷಾಮದ ನೆನಪು ಜನಮನದಿಂದ ಇನ್ನೂ ಮಾಸಿರಲಿಲ್ಲ. ರೈಲುಮಾರ್ಗಗಳ ವಿಸ್ತರಣೆಗೂ ನೀರಾವರಿಗೂ ಅವರು ಪ್ರಾಶಸ್ತ್ಯ ನೀಡಿದರು. ಬೆಂಗಳೂರಿಗೆ ಹೆಸರಘಟ್ಟದಿಂದ ಕುಡಿಯುವ ನೀರು ಬಂದುದು, ವೇದಾವತಿಗೆ ಮಾರಿಕಣಿವೆಯಲ್ಲಿ ಅಣೆಕಟ್ಟೆಯ ಕೆಲಸ ಆರಂಭವಾದುದು ಅವರ ಕಾಲದಲ್ಲಿಯೇ. 1894ರಲ್ಲಿ ಚಾಮರಾಜೇಂದ್ರ ಒಡೆಯರು ಅಕಾಲ ಮರಣಕ್ಕೆ ತುತ್ತಾದಾಗ, ರಾಜಪ್ರತಿನಿಧಿಯಾದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರಿಗೆ ಅವರು ಆಧಾರವಾಗಿ ನಿಂತರು.

ಕೋಲಾರದ ಚಿನ್ನದ ಗಣಿಗಳ ಯಂತ್ರಗಳು ಆಗ ಉಗಿಯ ಬಲದಿಂದ ನಡೆಯುತ್ತಿದ್ದವು. ಅದಕ್ಕೆ ಬೇಕಾದ ಕಲ್ಲಿದ್ದಲನ್ನು ದೂರದಿಂದ ತರಿಸಬೇಕಾಗಿತ್ತು, ವೆಚ್ಚವೂ ಅಪಾರವಾಗಿತ್ತು. ಇತ್ತ ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವ ಕಾವೇರಿಯ ಶಕ್ತಿಯೆಲ್ಲ ಬಂಡೆಗಳ ಮೇಲೆ ಅಪ್ಪಳಿಸಿ ವ್ಯರ್ಥವಾಗುತ್ತಿತ್ತು. ಈ ಎರಡನ್ನೂ ತಂತಿಯಿಂದ ಬೆಸೆಯಬಹುದೆಂಬ ಯೋಜನೆಯನ್ನು ಎಂಜಿನಿಯರ್ ಲೊಬಿನಿಯೇರ್ ಅವರು ಸಿದ್ಧಪಡಿಸಿದರು. ಯುರೋಪು, ಅಮೆರಿಕಗಳಿಗೆ ಹೋಗಿ ಅಲ್ಲಿನ ವಿದ್ಯುದಾಗಾರಗಳನ್ನು ಕಂಡು ಬಂದರು.

ಶಿವನಸಮುದ್ರಕ್ಕೂ ಕೋಲಾರದ ಗಣಿಗಳಿಗೂ ನಡುವಣ ಹಾದಿ 92 ಮೈಲಿ, ಎಂದರೆ ಸುಮಾರು 148 ಕಿಲೋಮೀಟರ್. ತಂತಿಯಲ್ಲಿ ಹರಿಯುವ ಪ್ರವಾಹವು ಹೆಚ್ಚಿದಷ್ಟೂ ಶಕ್ತಿಯು ಶಾಖವಾಗಿ ನಷ್ಟವಾಗುತ್ತದೆ. ವೋಲ್ಟೇಜನ್ನು ಏರಿಸಿದರೆ ಅಷ್ಟೇ ಶಕ್ತಿಯನ್ನು ಕಡಿಮೆ ಪ್ರವಾಹದಿಂದ ಸಾಗಿಸಬಹುದು, ನಷ್ಟವೂ ತಗ್ಗುತ್ತದೆ. ಪರ್ಯಾಯ ಪ್ರವಾಹವಾದರೆ ಪರಿವರ್ತಕಗಳ ನೆರವಿನಿಂದ ವೋಲ್ಟೇಜನ್ನು ಏರಿಸುವುದೂ ಇಳಿಸುವುದೂ ಸುಲಭ. ಈ ತತ್ತ್ವ ತಿಳಿದಿದ್ದರೂ ಅಷ್ಟು ದೂರಕ್ಕೆ ವಿದ್ಯುತ್ತನ್ನು ಒಯ್ದ ಅನುಭವ ಭಾರತದಲ್ಲಿ ಯಾರಿಗೂ ಇರಲಿಲ್ಲ. 1897ರಲ್ಲಿ ಡಾರ್ಜಿಲಿಂಗಿನಲ್ಲಿ ಆರಂಭವಾಗಿದ್ದ ಜಲವಿದ್ಯುತ್ ಕೇಂದ್ರವು ಬಹಳ ಚಿಕ್ಕದಾಗಿತ್ತು. ಯೋಜನೆ ವಿಫಲವಾದರೆ ಬಡ ರೈತರ ಕಂದಾಯದಿಂದ ತುಂಬಿದ ಬೊಕ್ಕಸಕ್ಕೆ ನಷ್ಟ, ಸಂಸ್ಥಾನಕ್ಕೆ ಅಪಕೀರ್ತಿ.

ದಿವಾನರು ಹಿಂಜರಿಯಲಿಲ್ಲ, ಹಾಗೆಂದು ಎಚ್ಚರಗೆಡಲೂ ಇಲ್ಲ. ವಿದ್ಯುತ್ತನ್ನು ಕೊಳ್ಳುವುದಾಗಿ ಗಣಿ ಕಂಪನಿಗಳಿಂದ ಒಪ್ಪಂದ ಮಾಡಿಸಿಕೊಂಡರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ವಿದ್ಯುದ್ಯಂತ್ರಗಳನ್ನೂ ಸ್ವಿಟ್ಜರ್ಲೆಂಡಿನ ಎಶರ್ ವೀಸ್ ಕಂಪನಿಯಿಂದ ಜಲಚಕ್ರಗಳನ್ನೂ ತರಿಸಲು ಏರ್ಪಾಡಾಯಿತು. ಕಾಲುವೆಗಳು ಅಗೆಯಲ್ಪಟ್ಟವು, ಕಂಬಗಳು ಸಾಲುಸಾಲಾಗಿ ಎದ್ದು ನಿಂತವು.

ಆದರೆ ವಿಧಿಯ ಸಂಕಲ್ಪ ಬೇರೆಯಾಗಿತ್ತು. ಆರೋಗ್ಯ ಕೆಟ್ಟ ಕಾರಣ ಶೇಷಾದ್ರಿ ಅಯ್ಯರ್ ಅವರು 1901ರ ಮಾರ್ಚಿಯಲ್ಲಿ ನಿವೃತ್ತರಾದರು. ಅದೇ ವರ್ಷ ಸೆಪ್ಟೆಂಬರ್ 13ರಂದು ಇಹಲೋಕವನ್ನು ತ್ಯಜಿಸಿದರು. ಒಂಬತ್ತು ತಿಂಗಳು ಕಳೆದು, 1902ರ ಜೂನ್ 30ರಂದು ಕಾವೇರಿಯ ಶಕ್ತಿಯು ಕೋಲಾರದ ಗಣಿಗಳನ್ನು ಮುಟ್ಟಿತು. ಬಿತ್ತಿದವರು ಫಲವನ್ನು ಕಾಣಲಿಲ್ಲ. ಅದೇ ಶಕ್ತಿಯಿಂದ 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದವು.

ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಶಕ್ತಿ ಹುಟ್ಟುವ ಎಡೆಯನ್ನು ಶಕ್ತಿ ಬೇಕಾದ ಎಡೆಯೊಡನೆ ಜೋಡಿಸುವ ಆ ವಿಚಾರವು ಬೆಳೆಯುತ್ತಲೇ ಹೋಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ವಿದ್ಯುಜ್ಜಾಲವು ದೇಶದ ಉಳಿದ ಜಾಲದೊಡನೆ ಒಂದಾಯಿತು. ಇಂದು ಪಾವಗಡದ ಬಿಸಿಲೂ ಬೆಟ್ಟಗಳ ಗಾಳಿಯೂ ಈ ಜಾಲಕ್ಕೆ ಶಕ್ತಿಯನ್ನು ಸೇರಿಸುತ್ತಿವೆ. ಮೋಡ ಕವಿದರೆ ಬಿಸಿಲಿನ ಶಕ್ತಿ ತಗ್ಗುತ್ತದೆ. ಗಾಳಿ ನಿಂತರೆ ಚಕ್ರಗಳು ನಿಲ್ಲುತ್ತವೆ. ಆದುದರಿಂದ ಉತ್ಪತ್ತಿಯನ್ನೂ ಬೇಡಿಕೆಯನ್ನೂ ಕ್ಷಣಕ್ಷಣಕ್ಕೂ ಸರಿದೂಗಿಸಲು ಗಣಕಯಂತ್ರಗಳೂ ತಮ್ಮ ಲೆಕ್ಕವನ್ನು ತಾವೇ ತಿಳಿಸುವ ಮೀಟರುಗಳೂ ಬಂದಿವೆ.

ಉಪಕರಣಗಳು ಬದಲಾಗಿವೆ, ಹೊಣೆ ಬದಲಾಗಿಲ್ಲ. ಹೊಸದನ್ನು ಧೈರ್ಯದಿಂದ ಸ್ವೀಕರಿಸಬೇಕು, ಲೆಕ್ಕ ಹಾಕಿ ಕಟ್ಟಬೇಕು, ಫಲವು ಮುಂದಿನವರಿಗೆ ದೊರೆಯುವುದಾದರೂ ದುಡಿಯಬೇಕು. ಶೇಷಾದ್ರಿ ಅಯ್ಯರ್ ಅವರ ಬಾಳು ನಮಗೆ ಕಲಿಸುವ ಪಾಠ ಇದೇ.